ಮೊಟ್ಟೆ ಇರಲಿ, ಪಂಜರ ಹೋಗಲಿ

ಮೊಟ್ಟೆ ತಿನ್ನುವವರಲ್ಲಿ, ಕೋಳಿ ಸಾಕುವವರಲ್ಲಿ ಒಂದು ಮನವಿ

ಮೊದಲೇ ಹೇಳಿಬಿಡುತ್ತೇವೆ: ಶಾಲಾ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳಿ ಎನ್ನುವವರು ನಾವಲ್ಲ. ಮಕ್ಕಳಿಗೆ ಮೊಟ್ಟೆ ಬೇಕೇ ಬೇಕು. ನಮ್ಮ ತಕರಾರು ಕೋಳಿಯನ್ನು ಕೂಡಿಹಾಕುವ ತಂತಿ ಪಂಜರದ ಬಗ್ಗೆ.

ಹಲವು ಫಾರಂಗಳ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಸುಮಾರು 450 ಚದರ ಸೆಂಟಿಮೀಟರ್. ಝೆರಾಕ್ಸ್ ಅಂಗಡಿಯ ಎ4 ಹಾಳೆಯೇ ಇದಕ್ಕಿಂತ ದೊಡ್ಡದು. ಹಿತ್ತಲಲ್ಲಿ ನಾಟಿ ಕೋಳಿ ಸಾಕಿದವರಿಗೆ ಗೊತ್ತು, ತಿಪ್ಪೆ ಕೆದಕದೆ, ಮಣ್ಣಲ್ಲಿ ಹೊರಳದೆ ಅದಕ್ಕೆ ಹೊತ್ತು ಹೋಗದು. ಮೊಟ್ಟೆ ಇಡುವ ಮೊದಲು ಮರೆಯ ಮೂಲೆ ಹುಡುಕುತ್ತ ಮನೆಯೆಲ್ಲ ಸುತ್ತುತ್ತದೆ. ಪಂಜರದ ಕೋಳಿಗೂ ಅದೇ ತವಕ. ಕಾಲಡಿ ಇರುವುದು ಮಾತ್ರ ಇಳಿಜಾರು ತಂತಿ. ಇಟ್ಟ ಮೊಟ್ಟೆ ಉರುಳಿ ಹೊರಬೀಳುತ್ತದೆ. ಓಡಾಟವಿಲ್ಲ, ಮೈಯ ಸುಣ್ಣವೆಲ್ಲ ಮೊಟ್ಟೆಯ ಚಿಪ್ಪಿಗೆ ಹೋಗುತ್ತದೆ, ಮೂಳೆ ಟೊಳ್ಳಾಗಿ ಮುರಿಯುತ್ತದೆ. ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿನ ತುದಿ ಕತ್ತರಿಸುವುದು ಬೇರೆ.

ಇದು ನಿನ್ನೆ ಮೊನ್ನೆಯ ತಕರಾರಲ್ಲ. 1964ರಲ್ಲಿ ಬ್ರಿಟನ್ನಿನ ರೂತ್ ಹ್ಯಾರಿಸನ್ ಇಂಥ ಫಾರಂಗಳ ಬಗ್ಗೆ ಪುಸ್ತಕ ಬರೆದಾಗ ಎದ್ದ ಗದ್ದಲಕ್ಕೆ ಅಲ್ಲಿನ ಸರ್ಕಾರ ಬ್ರಾಂಬೆಲ್ ಸಮಿತಿ ನೇಮಿಸಬೇಕಾಯಿತು. ಏಳಲು, ಮಲಗಲು, ತಿರುಗಲು, ಮೈ ಶುಚಿಮಾಡಿಕೊಳ್ಳಲು, ಕಾಲು ಚಾಚಲು ಪ್ರಾಣಿಗೆ ಆಗಬೇಕು ಎಂದಿತು ಸಮಿತಿ. ಐರೋಪ್ಯ ಒಕ್ಕೂಟ 1999ರಲ್ಲಿ ಕಾನೂನು ತಂದು, ಸಾಕಣೆದಾರರಿಗೆ ಗಡುವು ಕೊಟ್ಟು, 2012ರ ಜನವರಿಯಿಂದ ಬರೀ ತಂತಿಯ ಪಂಜರ ನಿಷೇಧಿಸಿತು. ಗೂಡು, ಕೂರುವ ಕೋಲು ಇರುವ ದೊಡ್ಡ ಪಂಜರಕ್ಕೆ ಆ ಕಾನೂನಿನಲ್ಲೂ ಅವಕಾಶವಿತ್ತು. ನಮ್ಮ ಲೆಕ್ಕದಲ್ಲಿ ಅದು ಅರ್ಧ ಗೆಲುವು.

ನಮ್ಮ ಕಾನೂನು ಅದಕ್ಕಿಂತ ಹಳೆಯದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಅಲುಗಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ಮೊದಲ ಸಲದ ದಂಡ? 10ರಿಂದ 50 ರೂಪಾಯಿ! ಒಂದು ಡಜನ್ ಮೊಟ್ಟೆಯೂ ಬಾರದು. 2017ರಲ್ಲಿ ಕೇಂದ್ರದ ಕಾನೂನು ಆಯೋಗ ಮೊಟ್ಟೆ ಕೋಳಿ, ಮಾಂಸದ ಕೋಳಿಗಳ ವಸತಿ ಬಗ್ಗೆ ತನ್ನ 269ನೇ ವರದಿ ಕೊಟ್ಟಿದೆ.

ಸಾಲ ಮಾಡಿ ಪಂಜರ ಹಾಕಿಸಿದ ಹೊಸಪೇಟೆ ಕಡೆಯ ಫಾರಂನವರು "ನಾವೇನು ಮಾಡೋಣ?" ಎಂದು ಕೇಳಿದರೆ ಅದು ನ್ಯಾಯವೇ. ಪಂಜರವಿಲ್ಲದ ಮೊಟ್ಟೆಗೆ ಖರ್ಚು ಹೆಚ್ಚು, ಅದೂ ನಿಜ. ಆ ಹೊರೆ ಅವರೊಬ್ಬರ ತಲೆಗೇ ಬೀಳಬಾರದು. ಆದ್ದರಿಂದ ಸರ್ಕಾರ ಹೊಸ ಪಂಜರಕ್ಕೆ ಸಬ್ಸಿಡಿ, ಪರವಾನಗಿ ಕೊಡದಿರಲಿ. ಹಳೆಯವುಗಳಿಗೆ ಗಡುವು ಹಾಕಿ, ಬದಲಾಯಿಸುವವರಿಗೆ ನೆರವು ಕೊಡಲಿ. ಶಾಲೆಗೆ ಮೊಟ್ಟೆ ಎಲ್ಲಿಂದ ಬರುತ್ತದೆಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ನೀವೂ ಕೇಳಿ. ಊರಿನಲ್ಲೇ ಕೋಳಿ ಬಿಟ್ಟು ಸಾಕುವ ಸ್ತ್ರೀಶಕ್ತಿ ಸಂಘವಿದ್ದರೆ, ವಾರಕ್ಕೆ ಒಂದು ದಿನದ ಮೊಟ್ಟೆಯನ್ನಾದರೂ ಅವರಿಂದ ಕೊಳ್ಳುವಂತೆ ಒತ್ತಾಯಿಸಿ.