ಮಕ್ಕಳ ಟಿವಿಗೆ ಕನ್ನಡದ ಕಟ್ಟಾಳು ಬೇಕು!

ಕನ್ನಡದ ಯುವಕ ಯುವತಿಯರೇ,

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಸಂಜೆ ಟಿವಿ, ಮೊಬೈಲ್ ಮುಂದೆ ಕೂತ ಮಕ್ಕಳ ಕಿವಿಗೆ ಬೀಳುವ ನುಡಿ ಯಾವುದು? ತೆಲುಗು, ತಮಿಳು, ಹಿಂದಿ, ಇಂಗ್ಲಿಷ್! ಕನ್ನಡ ಎಲ್ಲೋ ಮೂಲೆಯಲ್ಲಿ. ನವೆಂಬರ್ ಒಂದರಂದು ಬಾವುಟ ಹಾರಿಸಿದರೆ ಸಾಕೇ? ಮೂರು ವರ್ಷದ ಕಂದ ಯಾವ ಭಾಷೆಯಲ್ಲಿ ನಗಲು ಕಲಿಯುತ್ತಿದೆ ಎಂದು ನೋಡುವವರು ಯಾರು?

ದೂರದ ಐಸ್‌ಲ್ಯಾಂಡಿನ ಒಂದು ಸಂಗತಿ ಕೇಳಿ. ಆ ಇಡೀ ದೇಶದ ಜನ ಸುಮಾರು 4 ಲಕ್ಷ. ನಮ್ಮ ಕೋಲಾರ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಂತೆ 15 ಲಕ್ಷಕ್ಕೂ ಹೆಚ್ಚು! ಆ ಪುಟ್ಟ ದೇಶದ ಮಗ್ನೂಸ್ ಸ್ಕೆವಿಂಗ್ ಏರೋಬಿಕ್ಸ್ ಪಟು. 1994 ಮತ್ತು 1995ರಲ್ಲಿ ಯೂರೋಪಿನ ಚಾಂಪಿಯನ್. ಪದಕ ಗೋಡೆಗೆ ನೇತುಹಾಕಿ ಆತ ಸುಮ್ಮನಾಗಲಿಲ್ಲ. ಮಕ್ಕಳು ಮೈಮುರಿದು ಆಡಲಿ, ಹಣ್ಣು ತರಕಾರಿ ತಿನ್ನಲಿ ಎಂದು 1995ರಲ್ಲಿ ಪುಸ್ತಕ ಬರೆದ. ಯಾವ ಭಾಷೆಯಲ್ಲಿ? ತನ್ನ ತಾಯ್ನುಡಿಯಲ್ಲಿ! ಮರುವರ್ಷ ಅದು ನಾಟಕವಾಯಿತು. 2004ರಲ್ಲಿ 'ಲೇಜಿಟೌನ್' ಎಂಬ ಟಿವಿ ಧಾರಾವಾಹಿಯಾಗಿ ನೂರಕ್ಕೂ ಹೆಚ್ಚು ದೇಶ ಸುತ್ತಿತು. ಸೋಮಾರಿ ಊರಿನ ಮಕ್ಕಳನ್ನು ಎಬ್ಬಿಸಿ ಆಟಕ್ಕಿಳಿಸುವ ನೀಲಿ ಉಡುಪಿನ ನಾಯಕ ಸ್ಪೋರ್ಟಕಸ್ ಆಗಿ ನಟಿಸಿದವನೂ ಆತನೇ. ಸೇಬು ತಿಂದರೆ ಬಲ, ಸಕ್ಕರೆ ತಿಂದರೆ ಕುಸಿತ. 2011ರಲ್ಲಿ ಅಮೆರಿಕದ ಟರ್ನರ್ ಸಂಸ್ಥೆ ಆ ಕಂಪನಿಯನ್ನೇ ಕೊಂಡುಕೊಂಡಿತು.

ಧಾರಾವಾಹಿ ತಯಾರಾದದ್ದು ಇಂಗ್ಲಿಷಿನಲ್ಲಿ, ನಿಜ. ಆದರೆ ಬೇರು ಬಿಟ್ಟದ್ದು ತಾಯ್ನುಡಿಯಲ್ಲಿ. ಮೊದಲ ಚಪ್ಪಾಳೆ ತಟ್ಟಿದ್ದು ತನ್ನ ನಾಡಿನ ಮಕ್ಕಳೇ.

ನಮ್ಮಲ್ಲಿ? 2009ರಲ್ಲಿ ಚೆನ್ನೈನ ಸನ್ ಬಳಗದಿಂದ ಚಿಂಟು ಟಿವಿ ಬಂತು. ಅಲ್ಲಿ ಬರುವ ಹೆಚ್ಚಿನ ಕಾರ್ಟೂನುಗಳು ಬೇರೆಡೆ ತಯಾರಾಗಿ ಕನ್ನಡ ಮಾತನಾಡುವಂಥವು. ಡಬ್ಬಿಂಗ್ ಬಗ್ಗೆ ಚಳವಳಿಯಲ್ಲೇ ಎರಡು ಅಭಿಪ್ರಾಯ ಉಂಟು. ಚಿತ್ರೋದ್ಯಮ ದಶಕಗಳ ಕಾಲ ಅದನ್ನು ತಡೆಯಿತು. ಆ ತಡೆ ಸರಿಯಲ್ಲವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟಿತು. ದೊಡ್ಡವರ ಸಿನಿಮಾ ಜಗಳ ಏನೇ ಇರಲಿ, ಮಗುವಿನ ಕಿವಿಗೆ ಕನ್ನಡ ಬೀಳಲೇಬೇಕು. ಆದರೆ ಎರವಲು ಗೊಂಬೆಗೆ ಕನ್ನಡದ ದನಿ ಕೊಟ್ಟು ಕೈತೊಳೆದುಕೊಂಡರೆ ಸಾಲದು. ನಮ್ಮ ಕಥೆ, ನಮ್ಮ ನಾಯಕ ಬೇಕು!

ನೆರೆಭಾಷೆಯವರ ಮೇಲೆ ನಮಗೆ ಹಗೆ ಇಲ್ಲ. ಮನೆಮಾತು ತಮಿಳಾದರೂ ಮಾಲೂರು ತಾಲ್ಲೂಕಿನ ಮಾಸ್ತಿ ಕನ್ನಡದ ಆಸ್ತಿಯಾದರು; 1983ರ ಜ್ಞಾನಪೀಠ ತಂದರು. ಮುಳಬಾಗಿಲು ಡಿ.ವಿ.ಜಿ.ಯವರನ್ನು ಕೊಟ್ಟಿತು. ಮನೆಯಲ್ಲಿ ಯಾವ ಮಾತಾದರೂ ಇರಲಿ, ಕನ್ನಡ ಸವಿಯಾಗಿ ಸಿಕ್ಕರೆ ಗಡಿ ಜಿಲ್ಲೆಯ ಮಗು ಅದನ್ನು ಬಿಡುವುದಿಲ್ಲ.

ಗೆಳೆಯರೇ, ನಿಮ್ಮ ಜೇಬಿನಲ್ಲೇ ಕ್ಯಾಮೆರಾ ಇದೆ. ಕಬಡ್ಡಿ, ಖೋ-ಖೋ ಆಡಿದ ಮೈ ಇದೆ. ಶ್ರೀನಿವಾಸಪುರದ ಮಾವು ತಿಂದು ಬಲ ಪಡೆಯುವ ಕನ್ನಡದ ನಾಯಕ ಯಾಕಿರಬಾರದು? ಮಕ್ಕಳಿಗೆ ದಿನಕ್ಕೊಂದು ಗಂಟೆ ಕನ್ನಡದಲ್ಲೇ ತಯಾರಾದ ಕಾರ್ಯಕ್ರಮ ಕೊಡಿ ಎಂದು ಪ್ರತಿ ವಾಹಿನಿಗೂ ಪತ್ರ ಬರೆಯಿರಿ. ಬಿಸ್ಕತ್ತು, ಚಾಕೊಲೇಟ್ ಮಾರುವ ಕಂಪನಿಗಳಿಗೂ ಬರೆಯಿರಿ. ನಮ್ಮ ಮಕ್ಕಳ ಕಾಸು ಬೇಕು, ನಮ್ಮ ಮಾತು ಬೇಡವೇ?

ಆತ ಶುರುಮಾಡಿದ್ದು ಒಂದು ಪುಸ್ತಕದಿಂದ. ನೀವೂ ಮಕ್ಕಳ ಕಥೆ ಬರೆದು ತನ್ನಿ. ಮೊದಲ ಪುಸ್ತಕ ಅಚ್ಚು ಹಾಕುವ ಹೊಣೆ ನನ್ನ ಪ್ರೆಸ್ಸಿನದು.

ಸಿರಿಗನ್ನಡಂ ಗೆಲ್ಗೆ!

– ಸಂಪಾದಕ