ಪುದುಚೇರಿಯ ಕಡಲಕಂಪವೂ ಮೈಸೂರಿನ ಮನೆಗಳೂ

2001ನೆಯ ಇಸವಿ ಸೆಪ್ಟೆಂಬರ್ 25ನೆಯ ತಾರೀಖು ಮಂಗಳವಾರ ರಾತ್ರಿ ಸುಮಾರು ಎಂಟೂವರೆ ಗಂಟೆಗೆ ಪುದುಚೇರಿಯ ತೀರದಾಚೆ ಬಂಗಾಳ ಕೊಲ್ಲಿಯ ತಳದಲ್ಲಿ ಭೂಮಿಯು ನಡುಗಿತು. ಅದರ ಪ್ರಮಾಣ 5.5, ಶಾಸ್ತ್ರಜ್ಞರ ಲೆಕ್ಕದಲ್ಲಿ ಇದು ಮಧ್ಯಮ ತರಗತಿಯ ಭೂಕಂಪ. ಪುದುಚೇರಿಯಲ್ಲಿಯೂ ತಮಿಳುನಾಡಿನ ಕರಾವಳಿಯಲ್ಲಿಯೂ ಕಟ್ಟಡಗಳಿಗೆ ಅಲ್ಪಸ್ವಲ್ಪ ಜಖಂ ಆಯಿತು, ಮೂವರು ಅಸುನೀಗಿದರು. ನಡುಕವು ಕೇರಳ, ಶ್ರೀಲಂಕೆಗಳಲ್ಲಿಯೂ ನಮ್ಮ ದಕ್ಷಿಣ ಕರ್ನಾಟಕದಲ್ಲಿಯೂ ಅನುಭವಕ್ಕೆ ಬಂದಿತು. ಕಡಲು ಉಕ್ಕಲಿಲ್ಲ. ಆದುದರಿಂದ ಮಹಾಜನರು ಅದನ್ನು ಮರೆತರು. ಇಂದಿನ ಮೈಸೂರಿನಲ್ಲಿ ಅದನ್ನು ನೆನೆಯುವವರು ವಿರಳ.

ಹೀಗೆ ಮರೆತದ್ದು ಯುಕ್ತವಲ್ಲವೆಂಬುದು ನಮ್ಮ ಅಭಿಪ್ರಾಯ. ಮಹಾಭೂಕಂಪವಾದರೆ ಹೆಣಗಳನ್ನು ಎತ್ತುವುದರಲ್ಲಿಯೇ ಕಾಲ ಕಳೆಯುತ್ತದೆ. ಗೋಡೆ ಏಕೆ ಬಿತ್ತೆಂದು ವಿಚಾರಿಸಲು ವ್ಯವಧಾನವಿರುವುದಿಲ್ಲ. ಮಧ್ಯಮ ಭೂಕಂಪವಾದರೋ ಗೋಡೆಯನ್ನು ನಿಲ್ಲಿಸಿ, ಬಿರುಕನ್ನು ಮಾತ್ರ ತೋರಿಸಿ ಹೋಗುತ್ತದೆ.

ಕಡಲಿನ ವಿಷಯವನ್ನು ಮೊದಲು ಮುಗಿಸೋಣ. ಆ ರಾತ್ರಿ ಅಲೆ ಏಳದಿದ್ದುದಕ್ಕೆ ಕಾರಣ ಸ್ಪಷ್ಟ: 5.5ರ ಕಂಪನಕ್ಕೆ ಕಡಲ ತಳವನ್ನು ಎತ್ತಿ ನೀರನ್ನು ನೂಕುವಷ್ಟು ಬಲವಿಲ್ಲ. ಮೂರು ವರ್ಷ ಕಳೆದು, 2004ನೆಯ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಆದ 9.1ರ ಭೂಕಂಪವು ಹೊರಗೆಡಹಿದ ಶಕ್ತಿ ಇದರ ಎರಡೂವರೆ ಲಕ್ಷ ಪಟ್ಟು. ಅಂದು ಅದೇ ಪುದುಚೇರಿ, ಕಡಲೂರು, ನಾಗಪಟ್ಟಣಗಳ ಬೆಸ್ತರ ಕೇರಿಗಳು ಕೊಚ್ಚಿಹೋದವು. ಅಲೆ ಬರುವುದಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತಿದ್ದರೂ ಹೇಳುವವರು ಯಾರೂ ಇರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆಯ ಕೇಂದ್ರ ಸ್ಥಾಪಿತವಾದುದು ಆ ದುರಂತದ ಫಲ. ನೀರಿನ ಅಲೆಗೆ ಹೀಗೆ ಮುನ್ಸೂಚನೆ ಕೊಡಬಹುದು. ಭೂಮಿ ಯಾವ ದಿನ ನಡುಗುವುದೆಂದು ಮುಂದಾಗಿ ಹೇಳಬಲ್ಲ ಯಂತ್ರವು ಲೋಕದಲ್ಲಿ ಎಲ್ಲಿಯೂ ಇಲ್ಲ. ಅದಕ್ಕೆ ಸಿದ್ಧವಾಗಿರಬೇಕಾದುದು ಮನೆಯೇ.

“ಕಡಲೆಲ್ಲಿ, ಚಾಮುಂಡಿ ಬೆಟ್ಟವೆಲ್ಲಿ? ನಮಗೇಕೆ ಈ ಚಿಂತೆ?” ಎಂದು ನಮ್ಮ ಊರಿನವರು ಕೇಳಬಹುದು. ಪುದುಚೇರಿಯು ಮೈಸೂರಿಗೆ ಸುಮಾರು 350 ಕಿಲೋಮೀಟರು ದೂರ. ಆದರೆ ಅದೇ 2001ನೆಯ ಜನವರಿ 26ರಂದು ಭುಜ್ ಬಳಿ ಭೂಕಂಪವಾದಾಗ, ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಬಹು ಅಂತಸ್ತಿನ ಕಟ್ಟಡಗಳು ಕುಸಿದವು. ಹೋಲಿಕೆಯನ್ನು ಅತಿಯಾಗಿ ಎಳೆಯುವುದು ನಮ್ಮ ಉದ್ದೇಶವಲ್ಲ. ಅಲ್ಲಿಯದು ಮಹಾಭೂಕಂಪ, ನೆಲವೂ ಮೆಕ್ಕಲುಮಣ್ಣಿನದು. ನಮ್ಮದು ಬಹುಮಟ್ಟಿಗೆ ಗಟ್ಟಿನೆಲ. ಆದರೂ ದೊಡ್ಡಕೆರೆ ಮೈದಾನವೆಂಬ ಹೆಸರೇ ಹೇಳುವಂತೆ, ಈ ಊರಿನಲ್ಲಿ ಕೆರೆಯಾಗಿದ್ದು ನೆಲವಾದ ಜಾಗವೂ ಉಂಟು. ಅಹಮದಾಬಾದಿನಲ್ಲಿ ಬಿದ್ದವುಗಳಲ್ಲಿ ಅನೇಕವು ಕೆಳಗೆ ಗೋಡೆಯಿಲ್ಲದೆ ಕಂಬಗಳ ಮೇಲೆ ನಿಂತವು ಎಂಬುದನ್ನಂತೂ ಮರೆಯುವಂತಿಲ್ಲ. ರಾಜೀವನಗರದ ಅಡ್ಡರಸ್ತೆಗಳಲ್ಲಿ ಒಮ್ಮೆ ಸುತ್ತಿ ಬರುವವರಿಗೆ ಅಂಥ ಮನೆಯನ್ನು ಹುಡುಕಬೇಕಾದುದಿಲ್ಲ: ಚಿಕ್ಕ ನಿವೇಶನ, ಕೆಳಗೆ ವಾಹನಗಳಿಗೆ ಬಿಟ್ಟ ಬಯಲು, ಮೇಲೆ ಎರಡು ಮೂರು ಅಂತಸ್ತು. ಇದು ಆ ಬಡಾವಣೆಯೊಂದರ ದೋಷವಲ್ಲ. ಊರಿಗೆ ಊರೇ ಹೀಗೆ ಬೆಳೆಯುತ್ತಿದೆ.

ದಖನ್ ಪ್ರಸ್ಥಭೂಮಿಯು ಅಚಲವೆಂಬ ಭರವಸೆಯನ್ನು ಇನ್ನು ಬಿಡತಕ್ಕದ್ದು. 1843ರಲ್ಲಿ ಬಳ್ಳಾರಿ, 1900ರಲ್ಲಿ ಕೊಯಮತ್ತೂರು, 1967ರಲ್ಲಿ ಕೊಯ್ನಾ ನಡುಗಿದವು. 1993ನೆಯ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಲಬುರಗಿ, ಬೀದರಗಳ ನೆರೆಯ ಕಿಲ್ಲಾರಿಯಲ್ಲಿ ಸಾವಿರಾರು ಜನರು ತಮ್ಮ ಮನೆಯ ಕಲ್ಲುಮಣ್ಣಿನ ಗೋಡೆಗಳಡಿಯಲ್ಲಿಯೇ ಸತ್ತರು. ಆ ಗ್ರಾಮವು ಸರ್ಕಾರದ ನಕ್ಷೆಯಲ್ಲಿ ಅತಿ ಕಡಮೆ ಅಪಾಯದ ಒಂದನೆಯ ವಲಯದಲ್ಲಿತ್ತು! 2002ರಲ್ಲಿ ಆ ವಲಯವನ್ನೇ ತೆಗೆದು ಎರಡನೆಯದರಲ್ಲಿ ಸೇರಿಸಿದರು. ಮದರಾಸನ್ನು ಎರಡನೆಯದರಿಂದ ಮೂರನೆಯದಕ್ಕೆ ಏರಿಸಿದರು. ಮೈಸೂರು ಎರಡನೆಯದರಲ್ಲಿ ಉಳಿಯಿತು.

ಇಲ್ಲಿಯೇ ನಮ್ಮ ಆಕ್ಷೇಪ. ಕಾಂಕ್ರೀಟು ಕಂಬಗಳಿಗೆ ಕಬ್ಬಿಣ ಕಟ್ಟುವ ಭೂಕಂಪ ನಿರೋಧಕ ಕ್ರಮವನ್ನು 2016ರ ಸಂಹಿತೆಯು ಮೂರನೆಯ ವಲಯದಿಂದ ಮೇಲಕ್ಕೆ ಕಡ್ಡಾಯ ಮಾಡಿ, ಎರಡನೆಯ ವಲಯದವರ ಇಷ್ಟಕ್ಕೆ ಬಿಟ್ಟಿತು. ಇಷ್ಟಕ್ಕೆ ಬಿಟ್ಟ ಕೆಲಸವನ್ನು ನಮ್ಮ ಕಂಟ್ರಾಕ್ಟರುಗಳು ಎಷ್ಟು ಮಾಡುತ್ತಾರೆಂಬುದು ವಾಚಕರಿಗೆ ತಿಳಿಯದ ವಿಷಯವೇನಲ್ಲ. ಆ ಕ್ರಮವಾದರೂ ಎಂಥದು? ಕಂಬದ ಸರಳುಗಳನ್ನು ಸುತ್ತುವ ರಿಂಗುಗಳ ತುದಿಯನ್ನು ಬರಿಯ ಲಂಬಕೋನಕ್ಕೆ ಬಗ್ಗಿಸಿ ಬಿಟ್ಟರೆ ಹೊರಮೈಯ ಕಾಂಕ್ರೀಟು ಉದುರಿದೊಡನೆ ಅವು ಬಿಚ್ಚಿಕೊಳ್ಳುತ್ತವೆ. 135 ಡಿಗ್ರಿಗೆ ಬಗ್ಗಿಸಿ ಕಂಬದ ಒಡಲೊಳಕ್ಕೆ ತೂರಿಸಿದರೆ ಹಿಡಿದು ನಿಲ್ಲುತ್ತವೆ. ಕಂಬವೂ ತೊಲೆಯೂ ಕೂಡುವ ಕಡೆ ರಿಂಗುಗಳನ್ನು ಹತ್ತಿರ ಹತ್ತಿರವಾಗಿ ಕಟ್ಟಬೇಕು. ಇಟ್ಟಿಗೆ ಮನೆಯಾದರೆ ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತಲೂ ಎಲ್ಲಿಯೂ ತುಂಡಾಗದಂತೆ ಒಂದು ಕಾಂಕ್ರೀಟು ಪಟ್ಟಿ ಓಡಬೇಕು. ಮನೆಯೊಡೆಯನು ನೆಲದ ಹಾಸುಕಲ್ಲಿಗೆ ಸುರಿಯುವ ಹಣದ ಮುಂದೆ ಇದರ ವೆಚ್ಚ ಅತ್ಯಲ್ಪ.

ಭೂಕಂಪವು ದೈವಕೋಪವೇ ಅಲ್ಲವೇ ಎಂಬ ವಿಚಾರದಲ್ಲಿ 1934ರ ಬಿಹಾರದ ಅನಾಹುತದ ತರುವಾಯ ಗಾಂಧೀಜಿಯವರಿಗೂ ರವೀಂದ್ರನಾಥ ಠಾಕೂರರಿಗೂ ಭಿನ್ನಾಭಿಪ್ರಾಯ ಬಂದಿತ್ತು. ರಿಂಗಿನ ಕೊಕ್ಕೆಯ ವಿಚಾರದಲ್ಲಿ ದೈವವನ್ನು ಎಳೆದು ತರುವ ಅಗತ್ಯವಿಲ್ಲ. ಅದು ಮೇಸ್ತ್ರಿಯ ಕೈಯಲ್ಲಿಯೂ ಅವನ ಮೇಲೆ ಕಣ್ಣಿಡಬೇಕಾದ ಅಧಿಕಾರಿಯ ಕೈಯಲ್ಲಿಯೂ ಇರುವ ಕೆಲಸ.

ನಗರಪಾಲಿಕೆಯವರೂ ನಗರಾಭಿವೃದ್ಧಿ ಪ್ರಾಧಿಕಾರದವರೂ ಕಂಬಗಳ ಮೇಲೆ ನಿಲ್ಲುವ ಮನೆಗಳ ಪರವಾನಗಿಗೆ ಈ ಕ್ರಮವನ್ನು ಷರತ್ತಾಗಿ ವಿಧಿಸಬೇಕೆಂದೂ, ಶಾಲೆ ಆಸ್ಪತ್ರೆಗಳ ಹಳೆಯ ಕಟ್ಟಡಗಳನ್ನು ಮೊದಲು ಪರೀಕ್ಷಿಸಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ. ಕಚೇರಿಯಲ್ಲಿ ನಕ್ಷೆಯ ಮೇಲೆ ಮೊಹರು ಒತ್ತಿದ ಮಾತ್ರಕ್ಕೆ ಇದು ಆಗತಕ್ಕದ್ದಲ್ಲ. ಕಾಂಕ್ರೀಟು ಸುರಿದ ಮೇಲೆ ರಿಂಗು ಕಣ್ಣಿಗೆ ಬೀಳುವುದಿಲ್ಲ. ಇಂಜಿನಿಯರು ಸ್ಥಳಕ್ಕೆ ಬರಬೇಕಾದುದು ಅದರ ಹಿಂದಿನ ದಿನ.