ಗೃಹೋಪಕರಣ ವಿಚಾರ: ಬಾಗಿದ ಹಲಗೆಯ ಕುರ್ಚಿ

ಮನೆಗೆ ಬಂದ ವೃದ್ಧರಿಗೆ ಮರದ ಕುರ್ಚಿಯನ್ನು ಕೊಡುವಾಗ ಅದರ ಮೇಲೊಂದು ದಿಂಬನ್ನು ಇಡುತ್ತೇವೆ. ಬೆನ್ನು ಬಾಗಿರುವುದು, ಹಲಗೆ ನೆಟ್ಟಗಿರುವುದು. ಆದುದರಿಂದಲೇ ಈ ಉಪಚಾರ. ಹಲಗೆಯನ್ನೇ ಮೈಗೆ ತಕ್ಕಂತೆ ಬಾಗಿಸಿದರೆ ದಿಂಬಿನ ಹಂಗೇಕೆ? ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು ಈ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಶ್ರಮಿಸಿದರು. ಆ ವೃತ್ತಾಂತವು ಗೃಹಸ್ಥರು ತಿಳಿಯತಕ್ಕುದಾಗಿದೆ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1940ರಲ್ಲಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಚಾರ್ಲ್ಸರು ಈರೋ ಸಾರಿನೆನ್ ಎಂಬ ಮಿತ್ರರೊಡನೆ ಬಹುಮಾನ ಪಡೆದರು. ಪೀಠವೂ ಬೆನ್ನಾಸರೆಯೂ ಒಂದೇ ಹಲಗೆಯಾಗಿರುವ ಕುರ್ಚಿ ಅವರದು. ಬಹುಮಾನವೇನೋ ಬಂದಿತು, ಕುರ್ಚಿ ಮಾತ್ರ ಸಾಮಾನ್ಯರ ಮನೆಗೆ ಬರಲಿಲ್ಲ. ಮರವನ್ನು ಏಕಕಾಲದಲ್ಲಿ ಎರಡು ದಿಕ್ಕಿಗೆ ಬಾಗಿಸುವುದು ದುಸ್ಸಾಧ್ಯ, ವೆಚ್ಚವೂ ವಿಪರೀತ.

1941ರಲ್ಲಿ ವಿವಾಹವಾಗಿ ಲಾಸ್ ಏಂಜಲೀಸಿಗೆ ಬಂದ ದಂಪತಿಗಳು ವಾಸದ ಮನೆಯಲ್ಲಿಯೇ ಒಂದು ಯಂತ್ರವನ್ನು ಕಟ್ಟಿದರು. ಅಂಟು ಹಚ್ಚಿದ ತೆಳು ಪದರುಗಳನ್ನು ಅಚ್ಚಿನಲ್ಲಿಟ್ಟು, ವಿದ್ಯುತ್ತಿನಿಂದ ಕಾಯಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ ಒತ್ತುತ್ತಿದ್ದರು. ಅಷ್ಟರಲ್ಲಿ ಯುದ್ಧವು ಬಂದಿತು. ಗಾಯಾಳುಗಳ ಮುರಿದ ಕಾಲಿಗೆ ಕಟ್ಟುತ್ತಿದ್ದ ಲೋಹದ ಪಟ್ಟಿಗಳು ಸಾಗಿಸುವಾಗ ಅದುರಿ ನೋವನ್ನು ಹೆಚ್ಚಿಸುತ್ತಿದ್ದುವು. ನೌಕಾಪಡೆಗಾಗಿ ಇವರು ಪ್ಲೈವುಡ್ಡಿನ ಆಸರೆಯನ್ನು ರಚಿಸಿದರು. ಯುದ್ಧ ಮುಗಿಯುವುದರೊಳಗೆ ಸುಮಾರು 1,50,000 ಸಿದ್ಧವಾದುವು. ಮರವು ಎಷ್ಟು ಮಣಿಯುವುದು, ಎಲ್ಲಿ ಒಡೆಯುವುದು ಎಂಬುದನ್ನು ಅವರು ಕಲಿತುದು ಈ ಕೆಲಸದಲ್ಲಿಯೇ.

ಆ ಬಳಿಕ ಅವರು ಒಂದೇ ಹಲಗೆಯ ಹಟವನ್ನು ಬಿಟ್ಟರು. 1946ರಲ್ಲಿ ಮಾರಾಟಕ್ಕೆ ಬಂದ ಕುರ್ಚಿಯಲ್ಲಿ ಪೀಠ ಬೇರೆ, ಬೆನ್ನಾಸರೆ ಬೇರೆ. ನಡುವೆ ಬೆನ್ನೆಲುಬಿನಂತಹ ಪಟ್ಟಿ, ಕೆಳಗೆ ಎರಡು ಜೊತೆ ಕಾಲುಗಳು, ಹೀಗೆ ಐದೇ ತುಂಡುಗಳು. ಸಂದುಗಳಲ್ಲಿಟ್ಟ ರಬ್ಬರಿನ ಬಿಲ್ಲೆಗಳಿಂದಾಗಿ ಕುಳಿತವರು ಒರಗಿದಂತೆ ಅದೂ ತುಸು ಮಣಿಯುವುದು. 1957ರಲ್ಲಿ ನಿಂತುಹೋಗಿದ್ದ ತಯಾರಿಕೆಯು 1994ರಲ್ಲಿ ಪುನಃ ಆರಂಭವಾಯಿತು. 1999ರಲ್ಲಿ ಟೈಮ್ ಪತ್ರಿಕೆಯು ಇದನ್ನು ಶತಮಾನದ ಅತ್ಯುತ್ತಮ ವಿನ್ಯಾಸವೆಂದು ಹೊಗಳಿತು.

ಹಳೆಯ ಕುರ್ಚಿಯನ್ನು ಕೊಳ್ಳುವವರು ಮೊದಲು ಆ ರಬ್ಬರನ್ನೇ ಪರೀಕ್ಷಿಸಬೇಕು. ಕಾಲಕ್ರಮದಲ್ಲಿ ಅದು ಒಣಗಿ ಅಂಟು ಬಿಡುವುದುಂಟು; ಮರ ಗಟ್ಟಿಯಾಗಿದ್ದರೂ ಒರಗಿದವರು ಬಿದ್ದಾರು!

ಈ ದಂಪತಿಗಳು ಭಾರತ ಸರ್ಕಾರದ ಆಹ್ವಾನದ ಮೇರೆಗೆ ಇಲ್ಲಿಗೂ ಬಂದಿದ್ದರು. 1958ರ ತಮ್ಮ ವರದಿಯಲ್ಲಿ ಅವರು ಬಹುವಾಗಿ ಮೆಚ್ಚಿ ಬರೆದುದು ಯಾವ ಅರಮನೆಯ ಪೀಠವನ್ನೂ ಅಲ್ಲ, ನಮ್ಮ ನೀರಿನ ತಂಬಿಗೆಯನ್ನು. ಕೈಗೆ, ಸೊಂಟಕ್ಕೆ, ತಲೆಗೆ ಹೊಂದುವ ಆ ಆಕಾರವನ್ನು ತಲೆತಲಾಂತರದ ಬಳಕೆಯೇ ತಿದ್ದಿದೆ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಲು ಆ ವರದಿಯೇ ಪ್ರೇರಣೆ.

ವಾಚಕರೇ, ಇನ್ನು ಮುಂದೆ ಕುರ್ಚಿ ಕೊಳ್ಳುವಾಗ ಅದರ ಹೊಳಪನ್ನು ನೋಡುವ ಮೊದಲು ಮನೆಯ ಹಿರಿಯರನ್ನು ಅದರಲ್ಲಿ ಅರ್ಧ ಗಂಟೆ ಕುಳ್ಳಿರಿಸಿರಿ. ಅವರು ದಿಂಬನ್ನು ಕೇಳದಿದ್ದರೆ ಆ ಕುರ್ಚಿಯನ್ನು ನಿಶ್ಚಿಂತೆಯಿಂದ ಮನೆಗೆ ತರಬಹುದು.